ಎದುರಾಡದ ತೋಟಾ

ಮರುದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿತ್ತು. ಕೊಡಗಿನ ಚೋಂದಮ್ಮ ಮನೆಯಲ್ಲೇ ಕೂತು, ತಾತನ ಕಾಲದ ಒತ್ತುಹಿಡಿಕೆಯನ್ನು ಕೆಳಗೆ ಎಳೆಯುತ್ತ, ಹಾರಿಸಿ ಖಾಲಿಯಾದ ಹಳೆಯ ಹಿತ್ತಾಳೆ ತೋಟಾಗಳಿಗೆ ಒಂದೊಂದಾಗಿ ಹೊಸ ಗುಂಡು ಕೂರಿಸುತ್ತಿದ್ದಳು. ಎಂಟು ತೋಟಾಗಳು ಮುನಿಸಿಕೊಂಡೇ ಗುಂಡನ್ನು ಒಳಗೆ ಬಿಟ್ಟುಕೊಂಡವು. ಒಂಬತ್ತನೆಯದು ಮಾತ್ರ ಮುಟ್ಟುವ ಮೊದಲೇ ಬಾಯಿ ತೆರೆಯಿತು.

“ನೋಡಣ್ಣಾ, ನನ್ನಷ್ಟು ಮೆದು ಸ್ವಭಾವ ಯಾರಿಗಿದೆ?”

“ಅದೇ ನನ್ನ ಅನುಮಾನ,” ಎಂದಿತು ಹಿಡಿಕೆ. “ಗಟ್ಟಿ ತೋಟಾ ಸ್ವಲ್ಪವಾದರೂ ಎದುರಾಡಬೇಕು.”

“ಆರು ಪಂದ್ಯ ಗೆಲ್ಲಿಸಿದವನಿಗೆ ಈ ಮಾತೇ? ಸುಮ್ಮನೆ ಒತ್ತು. ನಾಳೆ ಅವಳ ಕೆನ್ನೆಯ ಪಕ್ಕದಲ್ಲೇ ಸಿಡಿಯುವವನು ನಾನು.”

“ಅವಳ ಕಣ್ಣೂ ಅಲ್ಲೇ ಇರುತ್ತದೆ. ಒತ್ತುವುದಿಲ್ಲ.”

ಹಿಡಿಕೆ ಅರ್ಧದಲ್ಲೇ ನಿಂತು ಚೋಂದಮ್ಮನ ಅಂಗೈ ಚಿವುಟಿತು.

“ಥೂ, ಮುದಿ ಹಠಮಾರಿ!” ಎಂದು ಬೈದ ಅವಳು ತೋಟಾವನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಕತ್ತಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಅವಳು ಅದನ್ನು ಗುಜರಿ ಡಬ್ಬಿಗೆ ಎಸೆದಳು. ಹಿಡಿಕೆಯ ಕ್ಷಮೆ ಕೇಳಲಿಲ್ಲ. ಅದರ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟಳು.

ಹತ್ತನೆಯ ತೋಟಾ ಗೊಣಗುತ್ತ, ಜಗಳಾಡುತ್ತ ಬಂದು ನಿಂತಿತು.

“ಬಾರಪ್ಪಾ,” ಎಂದ ಹಿಡಿಕೆ ಪೂರ್ತಿ ಕೆಳಗಿಳಿಯಿತು.