ಕಂಬದ ಮರೆಯಲ್ಲಿ ಕದ್ದ ಗಾಂಧಾರ

ಪೂಜ್ಯ ಅಳಸಿಂಗಯ್ಯನವರು ಕಪಿಲಾ ತೀರದ ಅಗ್ರಹಾರವೊಂದರಲ್ಲಿ, ರಾಮದೇವರ ಗುಡಿಯ ಅಡುಗೆಮನೆಗೆ ಒತ್ತಿಕೊಂಡ ಪುಟ್ಟ ಕೋಣೆಯಲ್ಲಿ ವಾಸವಾಗಿದ್ದರು. ಅವರ ಆಸ್ತಿಯೆಂದರೆ ಒಂದು ಚಾಪೆ, ಒಂದು ಚೊಂಬು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಒಣಗುತ್ತಿದ್ದ ನಾಲ್ಕಾರು ಬಿದಿರಿನ ತುಂಡುಗಳು. ಅವುಗಳಿಂದ ತಾವೇ ಕೊಳಲು ಮಾಡಿಕೊಂಡು ದೇವರಿಗೆ ನುಡಿಸುವುದೇ ಅವರ ಜಪ, ಅದೇ ತಪ. ಪ್ರಸಾದದ ಪೊಂಗಲಿಗೆ ಮೆಣಸು ಹೆಚ್ಚಾದ ದಿನ ಮಾತ್ರ ಸಂಜೆಯ ಸೇವೆಯಲ್ಲಿ ಒಂದೆರಡು ಬಿಕ್ಕಳಿಕೆಯೂ ಸೇರುತ್ತಿತ್ತೆಂದು ಅಡುಗೆಯವರು ನಗುತ್ತಿದ್ದರು.

ಅದೇ ಊರಿನ ನರಹರಿ ಭಾಗವತರು ಹೆಸರಾಂತ ಗಾಯಕರು. ಇಪ್ಪತ್ತೆಂಟು ವರ್ಷ ಒಮ್ಮೆಯೂ ತಪ್ಪದೆ ಶ್ರೀರಾಮನವಮಿಯಂದು ದೇವರೆದುರು ಹಾಡಿದವರು. ಕೊಳಲೆಂದರೆ ಅವರಿಗೆ ತಾತ್ಸಾರ. "ತೂತಿದ್ದ ಕಡೆ ಸ್ವರ, ಇಲ್ಲದ ಕಡೆ ಏನೂ ಇಲ್ಲ. ಸ್ವರ ತೂಗುವ ಗಮಕ ಎಲ್ಲಿಂದ ಬರಬೇಕು?" ಎಂದು ತುಂಬಿದ ಸಭೆಯಲ್ಲೇ ಹಾಸ್ಯ ಮಾಡಿದ್ದರು. ಒಂದು ವರ್ಷ ಮಾಘದಲ್ಲಿ ಗಂಟಲಿಗೆ ಬೇನೆ ಬಂದು ಅವರ ಧ್ವನಿಯೇ ನಿಂತಿತು. ಇನ್ನು ಹಾಡಲು ಹೋದರೆ ಉಳಿದ ಪಿಸುಮಾತೂ ಹೋದೀತೆಂದು ವೈದ್ಯ ಪಂಡಿತರು ಎಚ್ಚರಿಸಿದರು. ಗುಡಿಯವರು ನವಮಿಯ ಸೇವೆಯನ್ನು ಅಳಸಿಂಗಯ್ಯನವರಿಗೆ ಒಪ್ಪಿಸಿದರು.

ಭಾಗವತರಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಹಬ್ಬಕ್ಕೆ ಎರಡು ದಿನವಿರುವಾಗ ಬಿರಬಿರನೆ ಅಳಸಿಂಗಯ್ಯನವರ ಬಳಿ ಬಂದವರೇ, "ಆ ಜಾಗ ಬರಿದಾಗಿಯೇ ಇರಲಿ, ಸ್ವಾಮಿ. ನನ್ನ ತೋಡಿ ರಾಗ ಕೇಳಿದ ದೇವರಿಗೆ ಬಿದಿರು ಊದಬೇಡಿ" ಎಂದು ಪಿಸುಗುಟ್ಟಿದರು. ಗದರಲು ಬಂದವರ ಕಣ್ಣು ತುಂಬಿತ್ತು.

ಕೊಳಲಿಗೆ ಎಣ್ಣೆ ಸವರುತ್ತಿದ್ದ ಪೂಜ್ಯರು ಅದನ್ನು ಒರೆಸಿ ತುಟಿಗಿಟ್ಟರು. ತೋಡಿ ಹೊರಟಿತು. ಅವರ ಬೆರಳುಗಳು ಬೇರೆಯವರಂತೆ ರಂಧ್ರ ಬಿಟ್ಟು ಮೇಲೇಳಲಿಲ್ಲ. ಅಂಚಿನಲ್ಲೇ ಹೊರಳಿ, ಎಳ್ಳಷ್ಟು ತೆರೆದು, ಮತ್ತೆ ಮುಚ್ಚಿಕೊಂಡವು. ಗಾಂಧಾರ ಸ್ವರ ಮೂರು ಸಲ ತೂಗಿ, ನಾಲ್ಕನೆಯ ಸಲಕ್ಕೆ ತಟ್ಟನೆ ಷಡ್ಜಕ್ಕೆ ಇಳಿಯಿತು. ಭಾಗವತರು ಬೆಚ್ಚಿಬಿದ್ದರು. ಹಾಗೆ ಇಳಿಸುವವರು ನಾಡಿನಲ್ಲಿ ತಾವೊಬ್ಬರೇ.

"ಇದು ನನ್ನದಲ್ಲವೇ?"

"ತಮ್ಮದೇ," ಎಂದು ಪೂಜ್ಯರು ನಕ್ಕರು. "ಹನ್ನೆರಡು ನವಮಿ ಕಂಬದ ಮರೆಯಲ್ಲಿ ಕೂತು ಕದ್ದೆ. ಬಿದಿರು ಒಪ್ಪಲಿಲ್ಲ, ಬೆರಳನ್ನೇ ತಿದ್ದಿಕೊಂಡೆ. ನವಮಿಗೆ ತಾವೇ ಹಾಡಿ. ಮನಸ್ಸಿನಲ್ಲಿ ಹಾಡುತ್ತ ಕೈಯಾಡಿಸಿ ಸಾಕು, ಉಸಿರು ನನ್ನದಿರಲಿ."

ನವಮಿಯಂದು ಭಾಗವತರು ತಮ್ಮ ಎಂದಿನ ಜಾಗದಲ್ಲೇ ಕುಳಿತರು. ತುಟಿ ಬಿಗಿಹಿಡಿದು, ಹಾಡುವಾಗಿನಂತೆಯೇ ಗಾಳಿಯಲ್ಲಿ ಕೈಯಾಡಿಸಿದರು. ಪೂಜ್ಯರು ಆ ಕೈಯನ್ನೇ ನೋಡುತ್ತ ತೋಡಿ ನುಡಿಸಿದರು. ಜನ ತಲೆದೂಗುತ್ತ ಕೇಳುತ್ತಿದ್ದರು.

ಅಷ್ಟರಲ್ಲಿ ಗುಡಿಯ ಎದುರುಮನೆಯಿಂದ ಭಾಗವತರ ಪತ್ನಿ ರುಕ್ಮಮ್ಮನವರು, ಕೋಸಂಬರಿ ಕಲೆಸುತ್ತಿದ್ದ ಕೈಯಲ್ಲೇ ಓಡಿಬಂದು, ಸಭೆಯೆಂಬುದನ್ನೂ ಮರೆತು ಗದರಿದರು: "ಪಂಡಿತರು ಬೇಡ ಅಂದಿಲ್ವೇ? ಅಷ್ಟು ಹೇಳಿದ್ರೂ ಹಾಡ್ತಾ ಕೂತಿದ್ದೀರಲ್ಲ! ನಿಮ್ಮ ತೋಡಿ ಬೀದಿಗೆಲ್ಲ ಕೇಳಿಸ್ತಿದೆ!"

ಸಭೆ ಗೊಳ್ಳೆಂದು ನಕ್ಕಿತು. ಭಾಗವತರು ಮಾತ್ರ ಎದ್ದು, ಪೂಜ್ಯರ ಪಾದಕ್ಕೆ ಹಣೆಯೊತ್ತಿ, ಆ ಬಿದಿರನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಅಳುತ್ತ ನಗುತ್ತ ಪಿಸುಗುಟ್ಟಿದರು:

"ಹೌದು ಕಣೇ, ಹಾಡ್ತಾ ಇದ್ದೀನಿ. ಕೂತ್ಕೊಂಡು ಕೇಳು."