ಮುಳ್ಳುಬೇಲಿಯೊಳಗೆ ಬಂದ ಸುದ್ದಿ

ಒಂದು ಕಾಡಿನಲ್ಲಿ ತೋಳಗಳಿಗೂ ಸಣ್ಣ ಪ್ರಾಣಿಗಳಿಗೂ ಯುದ್ಧ ಹತ್ತಿಕೊಂಡಿತ್ತು. ಜಗಳವೆಲ್ಲ ನೀರಿನದು. ಬೇಸಿಗೆಯಲ್ಲೂ ಬತ್ತದ ಚಿಲುಮೆಯೊಂದು ಸಣ್ಣ ಪ್ರಾಣಿಗಳಿಗೆ ಮಾತ್ರ ಗೊತ್ತಿತ್ತು. ಒಮ್ಮೆ ಮುಳ್ಳುಹಂದಿ ಸೂಜವ್ವ, ಮೊಲ ಮತ್ತು ಆಮೆ ತೋಳಗಳಿಗೆ ಸೆರೆ ಸಿಕ್ಕವು. ತೋಳಗಳು ಅವನ್ನು ಬಂಡೆಯ ಮೇಲಿನ ಮುಳ್ಳುಬೇಲಿಯೊಳಗೆ ಕೂಡಿಹಾಕಿದವು. ಕಾವಲಿಗೆ ನರಿ ನಿಂತಿತು.

ನರಿ ದಿನಾ ಬೆಳಿಗ್ಗೆ ಬಂದು, “ನಿಮ್ಮವರು ಸೋತುಹೋದರು. ನಿಮ್ಮ ಹೆಸರನ್ನೂ ಯಾರೂ ಎತ್ತುತ್ತಿಲ್ಲ. ಚಿಲುಮೆ ಎಲ್ಲಿದೆ ಹೇಳಿ, ಬಿಟ್ಟುಬಿಡುತ್ತೇನೆ” ಎನ್ನುತ್ತಿತ್ತು. ಮೊಲ ಅದನ್ನು ನಂಬಿ ಹುಲ್ಲು ಮುಟ್ಟುವುದನ್ನೇ ಬಿಟ್ಟಿತು.

ಮೂರನೆಯ ದಿನ ಎದುರಿನ ಮರಕ್ಕೆ ಮರಕುಟಿಗ ಬಂದು ಕುಟ್ಟತೊಡಗಿತು. ಸೂಜವ್ವನ ಬಿಲ ಇದ್ದದ್ದು ಮರಕುಟಿಗನ ಮರದ ಬುಡದಲ್ಲೇ. ಹಾಗಾಗಿ ಆ ಕುಟ್ಟುಮಾತು ಅದಕ್ಕೆ ಚೆನ್ನಾಗಿ ತಿಳಿಯುತ್ತಿತ್ತು.

“ನಮ್ಮವರು ಸೋತಿಲ್ಲವಂತೆ ಕಣಪ್ಪ. ನಿನ್ನ ಮನೆಯವಳು ಮೂರು ಮರಿ ಹಾಕಿದ್ದಾಳಂತೆ” ಎಂದು ಅದು ಮೊಲದ ಕಿವಿಯಲ್ಲಿ ಉಸುರಿತು. ಮೊಲ ಆವತ್ತು ಆಮೆಯ ಪಾಲಿನ ಹುಲ್ಲನ್ನೂ ತಿಂದು ಮುಗಿಸಿತು.

ಅಂದಿನಿಂದ ಸೂಜವ್ವ ಆಮೆಯ ಚಿಪ್ಪು ತಟ್ಟಿ ಮರಕುಟಿಗನಿಗೆ ಉತ್ತರ ಕಳಿಸತೊಡಗಿತು.

“ಏನದು ಟಕಟಕ?” ನರಿ ಗದರಿತು.

“ನನಗೆ ಬೆನ್ನು ತುರಿಕೆ ಸ್ವಾಮಿ. ಕೈ ಎಟುಕುವುದಿಲ್ಲ” ಎಂದಿತು ಆಮೆ.

ನರಿ ಆಚೆ ಹೋದಮೇಲೆ ಮೂರೂ ಹೊಟ್ಟೆ ಹಿಡಿದು ನಕ್ಕವು. ನರಿ ಬಂದರೆ ಮಾತ್ರ ಅಳುಮೋರೆ. ಅದು ಬೆನ್ನು ತಿರುಗಿಸಿದಾಗೆಲ್ಲ ಸೂಜವ್ವ ಬೇಲಿಯ ಗೂಟವೊಂದನ್ನು ಸ್ವಲ್ಪಸ್ವಲ್ಪವೇ ಕಡಿಯುತ್ತಿತ್ತು.

ಒಂದು ಬೆಳಿಗ್ಗೆ ಮರಕುಟಿಗ ಹೊಸ ಸುದ್ದಿ ಕುಟ್ಟಿತು. ಬಿದಿರುಮೆಳೆಯಲ್ಲಿ ಕಾಡುಕೋಣಗಳ ಹಿಂಡು ಕರುಗಳೊಂದಿಗೆ ಬೀಡುಬಿಟ್ಟಿದೆ, ಹತ್ತಿರ ಹೋದವರನ್ನೆಲ್ಲ ಹಾಯುತ್ತಿದೆ ಎಂದಿತು.

ಸೂಜವ್ವ ನರಿಯನ್ನು ಕರೆದು ಬಿಕ್ಕಿಬಿಕ್ಕಿ ಅತ್ತಿತು. “ಇನ್ನು ತಡೆಯಲಾರೆವು. ಚಿಲುಮೆ ಇರುವುದು ಬಿದಿರುಮೆಳೆಯ ನಡುವೆ. ಈಗಲಾದರೂ ನಮ್ಮನ್ನು ಬಿಡುತ್ತೀರಾ?”

ತನ್ನ ಸುಳ್ಳು ಫಲಿಸಿತೆಂದು ನರಿ ಬೀಗಿತು. “ಬಿಡುವ ಮಾತು ಆಮೇಲೆ” ಎಂದು ತೋಳಗಳನ್ನೆಲ್ಲ ಕೂಗಿ ಕರೆದು, ತಾನೇ ಮುಂದಾಗಿ ಮೆಳೆಗೆ ನುಗ್ಗಿತು.

ಕಾಡುಕೋಣಗಳು ತಲೆ ತಗ್ಗಿಸಿ ಮೇಲೆಬಿದ್ದವು. ತೋಳಗಳು ದಿಕ್ಕಾಪಾಲಾದವು. ಮೊದಲ ತಿವಿತ ತಿಂದ ನರಿ ಕುಂಟುತ್ತಾ ಕಾಡನ್ನೇ ಬಿಟ್ಟು ಹೋಯಿತು.

ಇತ್ತ ಸೂಜವ್ವ ಗೂಟವನ್ನು ಮುರಿದು ದಾರಿ ಮಾಡಿತು.

“ನೀವು ಓಡಿ. ನನ್ನದು ನಿಧಾನ” ಎಂದಿತು ಆಮೆ.

“ಸುಮ್ಮನೆ ನಡಿ ಮಾರಾಯ” ಎಂದು ಮೊಲ ಅದನ್ನು ಹಿಂದಿನಿಂದ ತಳ್ಳಿತು. ದಾರಿಯುದ್ದಕ್ಕೂ ಅದನ್ನು ಬಿಟ್ಟು ಯಾರೂ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಮೂರೂ ತಮ್ಮವರನ್ನು ಸೇರಿಕೊಂಡವು.

ನೀತಿ: ಸೆರೆಯಲ್ಲಿದ್ದರೂ ಎದೆಗುಂದದೆ, ಒಗ್ಗಟ್ಟಿನಿಂದ ಬುದ್ಧಿ ಓಡಿಸಿದವರು ಪಾರಾಗುತ್ತಾರೆ.