ತುದಿಯಿಂದ ಕಾಣದ ಬಂಡೆ

“ಗುರುಗಳೇ, ಜೊತೆಯವನು ಹಿಂದೆ ಬಿದ್ದರೆ ಅವನಿಗಾಗಿ ನಾವು ನಿಲ್ಲಬೇಕೇ?” ಎಂದು ಗುರುಪಾದ ಕೇಳಿದ.

ಅವನ ಸಹಪಾಠಿ ಚೆನ್ನಮಲ್ಲ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಅವನು ಏಳುವವರೆಗೆ ಹೊಸ ಪಾಠ ಎತ್ತಿಕೊಳ್ಳುವುದಿಲ್ಲ ಎಂದು ಗುರುಗಳು ಹೇಳಿಬಿಟ್ಟಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಮತ್ತು ಒಬ್ಬ ಕುಂಬಾರ ಇದ್ದರು. ಇಬ್ಬರಿಗೂ ಬೆಟ್ಟ ಹತ್ತುವ ಹುಚ್ಚು. ಯಾವ ಹಳ್ಳ ಎಲ್ಲಿ ಹುಟ್ಟುತ್ತದೆ, ಯಾವ ಹೊಳೆ ಸೇರುತ್ತದೆ ಎಂದು ಮೇಲಿನಿಂದ ನೋಡಿ ತಿಳಿಯುವ ಆಸೆ. ಸುತ್ತಲಿನ ಬೆಟ್ಟಗಳನ್ನೆಲ್ಲ ಹತ್ತಿ ಮುಗಿಸಿದ್ದರು. ಎಲ್ಲಕ್ಕಿಂತ ಎತ್ತರದ್ದು ಒಂದೇ ಉಳಿದಿತ್ತು.

ಅದನ್ನು ಹತ್ತುವಾಗ ಮುಕ್ಕಾಲು ದಾರಿಯಲ್ಲಿ ಕುಂಬಾರನ ಕಾಲು ಉಳುಕಿತು. ಅವನು ಒಂದು ಬಂಡೆಯ ಮೇಲೆ ಕುಳಿತ. ಪಕ್ಕದ ಕೊರಕಲಿನಿಂದ ಮಂಜು ಏಳುತ್ತಿತ್ತು.

“ಇಳಿದುಬಿಡೋಣ ಕಣೋ. ಕಾಲು ವಾಸಿಯಾದ ಮೇಲೆ ಮತ್ತೆ ಬಂದರಾಯಿತು,” ಎಂದ ಕುಂಬಾರ.

“ಇಷ್ಟು ಹತ್ತಿರ ಬಂದು ಹಿಂದಿರುಗುವುದೇ? ನೀನು ಇಲ್ಲೇ ಕೂತಿರು. ಒಂದು ಗಳಿಗೆಯಲ್ಲಿ ನೋಡಿ ಬಂದುಬಿಡುತ್ತೇನೆ,” ಎಂದ ಬಡಗಿ. ಮುಂದಿನ ಏರು ಕಡಿದಾಗಿತ್ತು. ಕುಂಬಾರನ ಊರುಗೋಲನ್ನೂ ಕೇಳಿ ತೆಗೆದುಕೊಂಡ. ಕುಂಬಾರ ಕೊಟ್ಟ.

ಬಡಗಿ ತುದಿ ಮುಟ್ಟಿದ. ಮೂರು ಹೊಳೆಗಳು ಕಂಡವು. ಅವು ಕೂಡುವ ಜಾಗ ಕಂಡಿತು. ತನ್ನೂರಿನ ಕೆರೆ ಅಂಗೈಯಷ್ಟು ಅಗಲ ಕಂಡಿತು. ಇಷ್ಟು ವರ್ಷ ಬಯಸಿದ್ದೆಲ್ಲ ಕಣ್ಣ ಮುಂದಿತ್ತು. ಅವನಿಗೆ ಸಂತೋಷವಾಯಿತು. ಒಂದು ಗಳಿಗೆ ಎಂದಿದ್ದವನು ಮೂರು ಗಳಿಗೆ ನಿಂತ.

ಇಳಿದು ಬಂದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲ. ಮಂಜಿನಲ್ಲಿ ಕೂಗಿದ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಮರುದಿನ ಊರವರು ಬಂದು ಹುಡುಕಿದಾಗ ಕುಂಬಾರ ಕೊರಕಲಿನಲ್ಲಿ ಸಿಕ್ಕ. ಗೆಳೆಯ ಬರುವುದು ತಡವಾಯಿತೆಂದು, ಅವನನ್ನು ಹುಡುಕಿಕೊಂಡು ಕುಂಟುತ್ತ ಮೇಲಕ್ಕೆ ಹೊರಟಿದ್ದನಂತೆ. ಮಣ್ಣಿನಲ್ಲಿ ಹೆಜ್ಜೆ ಹಾಗೆ ಮೂಡಿತ್ತು. ಜೀವ ಇರಲಿಲ್ಲ.

ಆಮೇಲೆ ಎಷ್ಟೋ ಜನ ಬಡಗಿಯನ್ನು ಕೇಳಿದರು, ಆ ತುದಿಯಿಂದ ಏನು ಕಾಣುತ್ತದೆ ಎಂದು. ಅವನು ಒಂದೇ ಮಾತು ಹೇಳುತ್ತಿದ್ದ: “ಆ ಬಂಡೆಯೊಂದು ಬಿಟ್ಟು ಎಲ್ಲ ಕಾಣುತ್ತದೆ.”

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

“ಆದರೂ ಗುರುಗಳೇ, ತುದಿ ಅಷ್ಟು ಹತ್ತಿರ ಇತ್ತಲ್ಲ?”

“ಇತ್ತು. ಈಗಲೂ ಅಲ್ಲೇ ಇದೆ,” ಎಂದರು ಗುರುಗಳು.